ಕಥೆ ಯಾರದು ಎಂದು ಕೇಳುವ ಊರುಗಳಲ್ಲಿ

ನಮ್ಮಣ್ಣನ ಮಗಳು ಕೆನಡಾದ ಸರ್ರೆಯಲ್ಲಿ ಹೈಸ್ಕೂಲ್ ಟೀಚರ್. ನಾನು ಯಳಂದೂರಿನ ಕಡೆ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ವೀಸಾ, ಟಿಕೆಟ್ಟು ಎಲ್ಲ ಅವಳೇ ನೋಡಿಕೊಂಡಳು. "ಅತ್ತೆ, ನಯಾಗರ ಎಲ್ಲೂ ಓಡಿಹೋಗಲ್ಲ. ಈ ಸಲ ನನ್ನ ಜೊತೆ ಬನ್ನಿ. ಪಾಠ ಮಾಡೋಕೆ ಮುಂಚೆ ನಾನೇ ನೋಡ್ಬೇಕಾದ ಜಾಗಗಳಿವೆ" ಅಂದಳು. ಅವಳಿರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2023-24ರಿಂದ ಒಂದು ನಿಯಮ ಬಂದಿದೆ. ಮೂಲನಿವಾಸಿಗಳ ಕುರಿತ 4 ಕ್ರೆಡಿಟ್ ಪಾಠ ಓದದೆ ಮಕ್ಕಳು ಹನ್ನೆರಡನೇ ತರಗತಿ ದಾಟುವಂತಿಲ್ಲ. ಆ ಪಾಠ ಇವಳ ಪಾಲಿಗೆ ಬಂದಿತ್ತು. ಸೆಪ್ಟೆಂಬರ್ ಕೊನೆಯ ವಾರ ರಜೆ ಹಾಕಿ ನನ್ನನ್ನು ಕಾರು ಹತ್ತಿಸಿದಳು.

ಶನಿವಾರ, ವ್ಯಾಂಕೂವರ್

ಬೆಳಗ್ಗೆಯಿಂದ ಸಣ್ಣ ಮಳೆ. ಇಲ್ಲಿ ಛತ್ರಿಗಿಂತ ಟೋಪಿ ಇರುವ ಮಳೆ ಕೋಟೇ ವಾಸಿ, ಸಮುದ್ರದ ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯ ಇರುವುದು ಮಸ್ಕ್ವಿಯಮ್ ಎಂಬ ಮೂಲನಿವಾಸಿ ಜನರ ನೆಲದಲ್ಲಿ. ಅವರು ಅದನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಅದನ್ನು ಹೇಳಿಯೇ ಇಲ್ಲಿ ಸಭೆ ಸಮಾರಂಭ ಶುರುವಾಗುತ್ತದೆ.

ಮೊದಲು ಮಾನವಶಾಸ್ತ್ರ ಮ್ಯೂಸಿಯಂಗೆ ಹೋದೆವು. ಹೈಡಾ ಎಂಬ ಮೂಲನಿವಾಸಿ ಜನರ ಮೂಲದ ಶಿಲ್ಪಿ ಬಿಲ್ ರೀಡ್ ಅವರು ಹಳದಿ ಸೀಡರ್ ಮರದಲ್ಲಿ ಕೆತ್ತಿಸಿದ ದೊಡ್ಡ ಶಿಲ್ಪ ಅಲ್ಲಿದೆ, 1980ರದು. ಕಡಲ ತೀರದಲ್ಲಿ ಒಂದು ದೊಡ್ಡ ಚಿಪ್ಪು, ಅದರ ಮೇಲೆ ಕಾಗೆ ಜಾತಿಯ ದೊಡ್ಡ ಹಕ್ಕಿ ರೇವನ್. ಚಿಪ್ಪಿನೊಳಗಿಂದ ಮೊದಲ ಮನುಷ್ಯರು ಹೆದರುತ್ತ ಇಣುಕುತ್ತಿದ್ದಾರೆ. ರೇವನ್ ಅವರನ್ನು ಪುಸಲಾಯಿಸಿ ಹೊರಗೆ ಕರೆಯುತ್ತದೆ. ಹೈಡಾ ಜನ ಹುಟ್ಟಿದ ಕಥೆ ಇದು. ಒಬ್ಬ ಹುಡುಗ ತಲೆ ಮಾತ್ರ ಹೊರಗೆ ಹಾಕಿದ್ದಾನೆ, ಇನ್ನೊಬ್ಬನ ಬೆನ್ನು ಮಾತ್ರ ಕಾಣುತ್ತದೆ. ಸುತ್ತು ಹಾಕಿದಷ್ಟೂ ಹೊಸ ಮುಖ ಸಿಗುತ್ತಿತ್ತು.

ಆದರೆ ಅವತ್ತು ನನ್ನ ಕಾಲು ಕಟ್ಟಿಹಾಕಿದ್ದು ಹೊರಗೆ ಮಳೆಯಲ್ಲಿ ನಿಂತ ಕಂಬ. ವಿಶ್ವವಿದ್ಯಾಲಯದ ಉದ್ದನೆಯ ಮುಖ್ಯ ರಸ್ತೆ ಹಿಡಿದು ದಕ್ಷಿಣದ ತುದಿಯ ಕಡೆ ನಡೆದರೆ ಸಿಗುತ್ತದೆ. ಹೆಸರೇ ರಿಕನ್ಸಿಲಿಯೇಶನ್ ಕಂಬ, ಅಂದರೆ ರಾಜಿಯ ಕಂಬ. ಸುಮಾರು 800 ವರ್ಷ ಬೆಳೆದ ಕೆಂಪು ಸೀಡರ್ ಮರ, 55 ಅಡಿ ಎತ್ತರ. ಹೈಡಾ ಶಿಲ್ಪಿ, ಮುಖಂಡ ಜೇಮ್ಸ್ ಹಾರ್ಟ್ ಕೆತ್ತಿದ್ದು. 2017ರ ಏಪ್ರಿಲ್ 1ರಂದು ಜನ ಹಗ್ಗ ಹಿಡಿದು ಎಳೆದು ನಿಲ್ಲಿಸಿದರು. ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಬುಡದಲ್ಲಿ ಮೀನು, ಕರಡಿ, ರೇವನ್, ಅಂದರೆ ಮೂಲನಿವಾಸಿ ಮಕ್ಕಳನ್ನು ಕೂಡಿಟ್ಟ ವಸತಿ ಶಾಲೆಗಳು ಬರುವ ಮುಂಚಿನ ಕಾಲ. ನಡುವೆ ಒಂದು ಶಾಲೆಯ ಕಟ್ಟಡ. ಅದರ ಮೇಲೆ ಒಬ್ಬರನ್ನೊಬ್ಬರು ಹಿಡಿದು ನಿಂತ ಮಕ್ಕಳು, ಸಮವಸ್ತ್ರದ ಮೇಲೆ ಹೆಸರಿನ ಬದಲು ನಂಬರು. ಇನ್ನೂ ಮೇಲೆ ಅಪ್ಪ, ಅಮ್ಮ, ಮಕ್ಕಳು, ಅವರ ಮೇಲೆ ಪಕ್ಕಪಕ್ಕದಲ್ಲಿ ಸಾಗುವ ಎರಡು ದೋಣಿ. ಒಂದು ಅವರದು, ಇನ್ನೊಂದು ಬಂದವರದು.

ಹತ್ತಿರ ಹೋದರೆ ಮರದ ಮೈಯಲ್ಲಿ ತಾಮ್ರದ ಮೊಳೆಗಳು ಕಾಣುತ್ತವೆ. 68,000ಕ್ಕೂ ಜಾಸ್ತಿ. ಶಾಲೆಗಳಲ್ಲಿ ತೀರಿಕೊಂಡ ಮಕ್ಕಳ ನೆನಪಿಗೆ ಹೊಡೆದವು. ಆ ಶಾಲೆಗಳಲ್ಲಿ ಓದಿ ಬದುಕಿ ಬಂದವರು, ಅವರ ಮನೆಯವರು, ಇವತ್ತಿನ ಶಾಲೆ ಮಕ್ಕಳು ಒಂದೊಂದೇ ಮೊಳೆ ಹೊಡೆದಿದ್ದಾರೆ.

ವಸತಿ ಶಾಲೆಗಳ ವಿಷಯ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. 1880ರ ದಶಕದಿಂದ 1990ರ ದಶಕದವರೆಗೆ ಕೆನಡಾ ಸರ್ಕಾರದ ದುಡ್ಡಿನಲ್ಲಿ ಈ ಶಾಲೆಗಳು ನಡೆದವು, ಬಹುಕಾಲ ಚರ್ಚುಗಳ ಕೈಯಲ್ಲಿ. ಸುಮಾರು 1,50,000 ಮಕ್ಕಳನ್ನು ಮನೆಯಿಂದ ಬಿಡಿಸಿ ಅಲ್ಲಿಟ್ಟರು. 1920ರಲ್ಲಿ ಕಾನೂನು ತಿದ್ದಿ ಮಕ್ಕಳನ್ನು ಬಲವಂತವಾಗಿ ಕರೆದೊಯ್ಯುವ ಅಧಿಕಾರವನ್ನೂ ಕೊಟ್ಟರು. ಕೂದಲು ಕತ್ತರಿಸಿದರು, ಮನೆಮಾತು ಆಡಿದರೆ ಹೊಡೆದರು. ಅಜ್ಜಿ ಕಥೆ ಹೇಳುವ ವಯಸ್ಸಿನಲ್ಲಿ ಕೇಳುವ ಮೊಮ್ಮಕ್ಕಳು ಮನೆಯಲ್ಲೇ ಇರಲಿಲ್ಲ. ಜೀವನವೆಲ್ಲ ಶಾಲೆಯಲ್ಲಿ ಕಳೆದ ನನಗೆ ಆ ಕಂಬದ ನಡುವಿನ ಕಟ್ಟಡದಿಂದ ಕಣ್ಣು ಕೀಳಲು ಆಗಲಿಲ್ಲ.

ಭಾನುವಾರ, ಕಾಮ್ಲೂಪ್ಸ್ ದಾರಿ

ಸರ್ರೆಯಿಂದ ಕಾಮ್ಲೂಪ್ಸ್‌ಗೆ ನಾಲ್ಕು ಗಂಟೆಯ ದಾರಿ. ಹೋಪ್ ಎಂಬ ಊರಿನಲ್ಲಿ ಪೆಟ್ರೋಲು, ಕಾಫಿ ಮುಗಿಸಿಕೊಳ್ಳಿ. ಅಲ್ಲಿಂದ ಮುಂದೆ ಕೊಕಿಹಾಲ ಘಾಟಿ, ಮೆರಿಟ್ ಊರಿನವರೆಗೆ ಏನೂ ಸಿಗುವುದಿಲ್ಲ. ರಸ್ತೆ 1,200 ಮೀಟರಿಗೂ ಮೇಲೆ ಏರುತ್ತದೆ. ಕೆಳಗೆ ಮಳೆ, ಮೇಲೆ ಮೋಡ, ಆಚೆ ಇಳಿದರೆ ಬಿಸಿಲು. ಹಸಿರು ಒಮ್ಮೆಗೇ ಮುಗಿದು ಕಂದು ಬೆಟ್ಟಗಳು ಶುರುವಾಗುತ್ತವೆ. ಕಿಟಕಿ ಇಳಿಸಿದರೆ ಸೇಜ್ ಗಿಡದ ಘಾಟು ಮೂಗಿಗೆ ಬಡಿಯುತ್ತದೆ.

ಘಾಟಿ ಹತ್ತುವಾಗ ಅಣ್ಣನ ಮಗಳು ಒಂದು ಕೋರ್ಟ್ ಕೇಸಿನ ಕಥೆ ಹೇಳಿದಳು. ಇದೇ ಪ್ರಾಂತ್ಯದ ಉತ್ತರದಲ್ಲಿ ಗಿಟ್‌ಕ್ಸಾನ್ ಮತ್ತು ವೆಟ್ಸುವೆಟೆನ್ ಎಂಬ ಜನ. ತಮ್ಮ 58,000 ಚದರ ಕಿಲೋಮೀಟರ್ ನೆಲ ತಮ್ಮದೇ ಎಂದು ಅವರ ಮುಖಂಡರು 1984ರಲ್ಲಿ ದಾವೆ ಹೂಡಿದರು. ಕಾಗದ ಪತ್ರ ಎಲ್ಲಿಂದ ತರಬೇಕು? ಅವರ ದಾಖಲೆ ಇರುವುದೇ ಕಥೆಯಲ್ಲಿ, ಹಾಡಿನಲ್ಲಿ. ಮೇರಿ ಜಾನ್ಸನ್ ಎಂಬ ಗಿಟ್‌ಕ್ಸಾನ್ ಹಿರಿಯಾಕೆ ಕಟಕಟೆಯಲ್ಲಿ ನಿಂತು ತಮ್ಮ ಮನೆತನದ ಹಾಡು ಹಾಡಲು ಹೊರಟರು. ನ್ಯಾಯಾಧೀಶರಿಗೆ ಇರಿಸುಮುರಿಸು. ನನಗೆ ಸಂಗೀತ ಕೇಳುವ ಕಿವಿಯೇ ಇಲ್ಲ, ಹಾಡಿ ಉಪಯೋಗವಿಲ್ಲ ಅಂದರು. ಆಕೆ ಹಾಡಿಯೇ ಹಾಡಿದರು. 1991ರ ತೀರ್ಪು ಅವರ ವಿರುದ್ಧ ಬಂತು. ಆದರೆ 1997ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಬಾಯಿಂದ ಬಾಯಿಗೆ ಬಂದ ಇತಿಹಾಸಕ್ಕೂ ಸಾಕ್ಷಿಯ ಬೆಲೆ ಕೊಡಬೇಕು ಎಂದು ಹೇಳಿ, ಹೊಸದಾಗಿ ವಿಚಾರಣೆ ಮಾಡಲು ಹೇಳಿತು.

ನನಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆನಪಾದರು. ಕಾಡನ್ನು 1974ರಲ್ಲಿ ಅಭಯಾರಣ್ಯ ಮಾಡಿದ ಮೇಲೆ ಒಳಗಿನ ಪೋಡುಗಳಿಂದ, ಅಂದರೆ ಅವರ ಹಾಡಿಗಳಿಂದ, ಅವರನ್ನು ಹೊರಗೆ ತಂದರು. ಅವರ ಮಕ್ಕಳು ನನ್ನ ತರಗತಿಯಲ್ಲಿ ಕೂತಿದ್ದರು. ಮುಂದೆ ಅರಣ್ಯ ಹಕ್ಕು ಕಾಯ್ದೆ ಬಂದಾಗ, ಯಾವ ಕುಲದ ದೇವರ ಜಾಗ ಎಲ್ಲಿದೆ, ಯಾವ ಕಲ್ಲು, ಯಾವ ಅಬ್ಬಿ ಯಾರದು ಎಂಬುದನ್ನು ಹಿರಿಯರ ಬಾಯಿಂದಲೇ ಕೇಳಿ ನಕ್ಷೆ ಮಾಡಬೇಕಾಯಿತು. 2011ರಲ್ಲಿ ಅವರಿಗೆ ಸಮುದಾಯದ ಹಕ್ಕು ಸಿಕ್ಕಿತು. ಇದನ್ನು ಹೇಳಿದಾಗ ಇವಳು, "ಅತ್ತೆ, ಇದನ್ನ ನಮ್ಮ ಕ್ಲಾಸಲ್ಲಿ ಹೇಳಬೇಕು ನೀವು" ಅಂದಳು.

ಸೋಮವಾರ, ಕಾಮ್ಲೂಪ್ಸ್

ಎರಡು ನದಿ ಸೇರುವ ಊರು. ಉತ್ತರ ಥಾಂಪ್ಸನ್, ದಕ್ಷಿಣ ಥಾಂಪ್ಸನ್. ಸೇತುವೆ ದಾಟಿದರೆ ಸೆಕ್ವೆಪೆಮ್ ಜನರ ನೆಲ. ನದಿಯ ದಡದಲ್ಲಿ ಅವರ ಹಳೆಯ ಚಳಿಗಾಲದ ಮನೆಯ ಮಾದರಿ ಇದೆ. ನೆಲ ಅಗೆದು, ಮೇಲೆ ಮರದ ದಿಮ್ಮಿ ಜೋಡಿಸಿ, ಮಣ್ಣು ಮುಚ್ಚಿ ಮಾಡುವ ಮನೆ. ಹೊಗೆ ಹೋಗುವ ಮೇಲಿನ ಕಿಂಡಿಯಿಂದಲೇ ಏಣಿ ಇಳಿದು ಒಳಗೆ ಹೋಗಬೇಕು. ಹೊರಗೆ ಹಿಮ ಬಿದ್ದಾಗ ಒಳಗೆ ಬೆಂಕಿಯ ಸುತ್ತ ಕೂತು ಕಯೋಟಿಯ ಕಥೆಗಳು ನಡೆಯುತ್ತಿದ್ದವು. ಕಯೋಟಿ ಎಂದರೆ ನಮ್ಮ ನರಿಗೂ ತೋಳಕ್ಕೂ ನಡುವಿನ ಪ್ರಾಣಿ. ಕಥೆಯಲ್ಲಿ ಅವನು ಜಾಣನೂ ಹೌದು, ದುರಾಸೆಯವನೂ ಹೌದು. ಲೋಕಕ್ಕೆ ಒಳ್ಳೆಯದು ಮಾಡುತ್ತಾನೆ, ಹಾಗೇ ಎಡವಟ್ಟೂ ಮಾಡುತ್ತಾನೆ.

ಅಲ್ಲಿ ಸಿಕ್ಕ ಒಬ್ಬ ನಡುವಯಸ್ಸಿನವರನ್ನು ಒಂದು ಕಥೆ ಹೇಳುತ್ತೀರಾ ಎಂದು ನನ್ನವಳು ಕೇಳಿದಳು. ಅವರು ನಕ್ಕು ಆಕಾಶ ತೋರಿಸಿದರು. "ಹಿಮ ಬಿದ್ದ ಮೇಲೆ ಬಾ." ಮನೆಯಲ್ಲಿ ಹಾಗೇ ಕಲಿತಿದ್ದಂತೆ. ಬೇಸಿಗೆ ಎಂದರೆ ಮೀನು ಹಿಡಿಯುವ, ಬೆರ್ರಿ ಕೊಯ್ಯುವ ಕಾಲ. ಕಥೆಗೆ ಅದರದೇ ಕಾಲವಿದೆ. ನನ್ನವಳ ಶಾಲೆಯ ಗೋಡೆಯ ಮೇಲೆ ಮೂಲನಿವಾಸಿಗಳದೇ ಆದ ಫಸ್ಟ್ ನೇಶನ್ಸ್ ಶಿಕ್ಷಣ ಸಮಿತಿಯವರು ಮಾಡಿದ ಕಲಿಕೆಯ ಸೂತ್ರಗಳ ಒಂದು ಪೋಸ್ಟರ್ ಇದೆ. ಕಲಿಕೆಗೆ ತಾಳ್ಮೆ ಬೇಕು, ಸಮಯ ಬೇಕು, ಕೆಲವು ತಿಳಿವಳಿಕೆಯನ್ನು ಅನುಮತಿ ಇದ್ದರೆ ಮಾತ್ರ ಹಂಚಬೇಕು ಎಂದು ಅದರಲ್ಲಿದೆ. "ದಿನಾ ನೋಡ್ತಿದ್ದೆ. ಈಗ ಅರ್ಥ ಆಯ್ತು" ಅಂದಳು.

ಮಂಗಳವಾರ, ಸೆಪ್ಟೆಂಬರ್ 30

ಈ ದಿನ ಕೆನಡಾದಲ್ಲಿ ಎಲ್ಲೆಲ್ಲೂ ಕಿತ್ತಳೆ ಬಣ್ಣದ ಅಂಗಿ. ಅದರ ಹಿಂದೆ ಫಿಲಿಸ್ ವೆಬ್‌ಸ್ಟಾಡ್ ಎಂಬ ಸೆಕ್ವೆಪೆಮ್ ಮಹಿಳೆಯ ಬಾಲ್ಯವಿದೆ. 1973ರಲ್ಲಿ ಆರು ವರ್ಷದ ಹುಡುಗಿಗೆ ಶಾಲೆಗೆ ಹೋಗಲೆಂದು ಅಜ್ಜಿ ಹೊಸ ಕಿತ್ತಳೆ ಅಂಗಿ ಕೊಡಿಸಿದರು. ವಸತಿ ಶಾಲೆಗೆ ಕಾಲಿಟ್ಟ ದಿನವೇ ಅದನ್ನು ಬಿಚ್ಚಿಸಿಕೊಂಡರು. ಮತ್ತೆ ಕೊಡಲೇ ಇಲ್ಲ. 2013ರಲ್ಲಿ ಆಕೆ ಆ ಕಥೆ ಹೇಳಿದರು. ಅದೇ ಊರಿಂದ ಊರಿಗೆ ಹಬ್ಬಿ, 2021ರಿಂದ ಸೆಪ್ಟೆಂಬರ್ 30 ದೇಶದ ರಜಾದಿನವಾಗಿದೆ. ಶಾಲೆಗೆ ಸೇರುವ ದಿನ ಹೊಸ ಅಂಗಿ ಹಾಕಿಕೊಂಡು ಬರುವ ಎಷ್ಟು ಮಕ್ಕಳನ್ನು ನಾನು ಕಂಡಿದ್ದೇನೆ. ಆ ಅಂಗಿ ಕಿತ್ತುಕೊಳ್ಳುವ ಕೈ ಯಾವುದಿರಬಹುದು ಎಂದು ಯೋಚಿಸಿ ಸಂಕಟವಾಯಿತು.

ಕಾಮ್ಲೂಪ್ಸ್ ವಸತಿ ಶಾಲೆಯ ಕೆಂಪು ಇಟ್ಟಿಗೆ ಕಟ್ಟಡ ಈಗಲೂ ನಿಂತಿದೆ. 1890ರಲ್ಲಿ ಶುರುವಾದ ಶಾಲೆ 1978ರಲ್ಲಿ ಮುಚ್ಚಿತು. 1950ರ ದಶಕದ ಮೊದಲಲ್ಲಿ ಇಲ್ಲಿ 500 ಮಕ್ಕಳಿದ್ದರು. 2021ರಲ್ಲಿ ಇಲ್ಲಿನ ಟ್ಕಮ್ಲೂಪ್ಸ್ ಸಮುದಾಯ ಒಂದು ಸುದ್ದಿ ಹೇಳಿತು. ನೆಲದಡಿ ನೋಡುವ ರಾಡಾರ್‌ನಲ್ಲಿ, ಗುರುತಿಲ್ಲದ ಸಮಾಧಿಗಳಿರಬಹುದಾದ ಸುಮಾರು 200 ಜಾಗ ಕಂಡಿವೆ ಎಂದು. ಇಲ್ಲಿ ಮಕ್ಕಳನ್ನು ಹೂತಿದ್ದಾರೆ ಎಂದು ಹಿರಿಯರು ಅದಕ್ಕೂ ಎಷ್ಟೋ ಮುಂಚಿನಿಂದ ಹೇಳುತ್ತಿದ್ದರು. ನೆಲ ಅಗೆದು ನೋಡಬೇಕೋ ಬೇಡವೋ ಎಂಬುದು ಆ ಮನೆಗಳವರು ಕೂತು ತೀರ್ಮಾನಿಸುವ ವಿಷಯ. ಹೊರಗಿನವರು ಅವಸರ ಮಾಡುವುದು ತರವಲ್ಲ ಎಂದೇ ನನಗೆ ಅನಿಸುತ್ತದೆ.

ಅವತ್ತು ಜನ ಸೇರಿದ್ದರು. ಡೋಲು ಬಾರಿಸುವವರು, ಮಗು ಎತ್ತಿಕೊಂಡ ತಾಯಂದಿರು, ಗಾಲಿಕುರ್ಚಿಯಲ್ಲಿ ಅಜ್ಜಂದಿರು. ಇಂಥ ಕಡೆ ಫೋಟೋ ತೆಗೆಯುವ ಮುಂಚೆ ಕೇಳಿ, ಪ್ರಾರ್ಥನೆ ನಡೆಯುವಾಗ ಫೋನು ಹೊರಗೇ ತೆಗೆಯಬೇಡಿ. ತಿಂಡಿ ಹಂಚುವ ಜಾಗದಲ್ಲಿ ಬ್ಯಾನಕ್ ಕೊಟ್ಟರು. ಎಣ್ಣೆಯಲ್ಲಿ ಕರಿದ ಮೈದಾ ರೊಟ್ಟಿ, ಬಾಳೆಹಣ್ಣಿಲ್ಲದ ಮಂಗಳೂರು ಬನ್ಸ್ ಅನ್ನಬಹುದು. ಮೇಲೆ ಬೆರ್ರಿ ಜಾಮ್. ಪಕ್ಕದಲ್ಲಿ ಕೂತ ಅಜ್ಜಿ ತಾವು ಇದೇ ಕಟ್ಟಡದಲ್ಲಿ ಓದಿದವರು ಅಂದರು. "ಇದನ್ನು ಕೆಡವಬೇಕು ಅಂತ ಅನಿಸುವುದಿಲ್ಲವೇ?" ಎಂದು ಕೇಳಿದೆ. ಆಕೆ ತಟ್ಟೆ ಕೆಳಗಿಟ್ಟರು. "ಇದು ಇರಲಿ. ಇಲ್ಲದಿದ್ದರೆ ನಾವು ಸುಳ್ಳು ಹೇಳಿದೆವು ಅಂತಾರೆ. ಈಗ ನಮ್ಮದೇ ಕೆಲಸಕ್ಕೆ ಬಳಸ್ತೀವಿ." ಆಕೆಯ ಮನೆಯಲ್ಲೇ ಈ ವಿಷಯಕ್ಕೆ ಜಗಳವಿದೆಯಂತೆ. ಆಕೆಯ ತಮ್ಮನಂತೂ ಈ ಕಟ್ಟಡದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದರು.

ಬುಧವಾರ, ಗುರುವಾರ: ಮರಳಿ ಕರಾವಳಿಗೆ, ಅಲ್ಲಿಂದ ದ್ವೀಪಕ್ಕೆ

ಅಕ್ಟೋಬರ್ 1ರಿಂದ ಈ ಘಾಟಿ ರಸ್ತೆಗಳಲ್ಲಿ ಚಳಿಗಾಲದ ಟೈರ್ ಕಡ್ಡಾಯ. ಬಾಡಿಗೆ ಕಾರು ತೆಗೆದುಕೊಳ್ಳುವವರು ಮೊದಲೇ ಕೇಳಿಕೊಳ್ಳಿ. ನಮ್ಮ ಕಾರಿನ ಟೈರ್ ಸರಿಯಿತ್ತು, ಆದರೆ ಮೆರಿಟ್ ದಾಟಿದ ಮೇಲೆ ಮುಂದಿನ ಲಾರಿಯಿಂದ ಹಾರಿದ ಕಲ್ಲು ಗಾಜಿಗೆ ಬಡಿಯಿತು. ನಕ್ಷತ್ರದ ಆಕಾರದ ಸಣ್ಣ ಬಿರುಕು ಸಂಜೆಯೊಳಗೆ ಗೇಣುದ್ದ ಆಯಿತು. ಗಾಜು ಹಾಕಿಸಲು ಗುರುವಾರ ಅರ್ಧ ದಿನ ಹೋಯಿತು.

ಹಾರ್ಸ್‌ಶೂ ಬೇ ಹಡಗುಕಟ್ಟೆಯಿಂದ ವ್ಯಾಂಕೂವರ್ ದ್ವೀಪದ ನನೈಮೋಗೆ ಫೆರ್ರಿ, ಅಲ್ಲಿಂದ ಉತ್ತರಕ್ಕೆ ಕಾರು. ಕ್ಯಾಂಪ್‌ಬೆಲ್ ರಿವರ್ ದಾಟಿದ ಮೇಲೆ ಬರೀ ಕಾಡು, ಮಳೆ, ಕತ್ತಲೆ. ಫೋನಿಗೆ ಸಿಗ್ನಲ್ ಇಲ್ಲ. ಪೋರ್ಟ್ ಮ್ಯಾಕ್‌ನೀಲ್ ತಲುಪುವಾಗ ಊಟದ ಅಂಗಡಿಗಳು ಮುಚ್ಚಿದ್ದವು. ಚಿತ್ರಾನ್ನದ ಡಬ್ಬಿ ಕೈ ಹಿಡಿಯಿತು.

ಶುಕ್ರವಾರ, ಅಲರ್ಟ್ ಬೇ

ಬೆಳಗ್ಗೆ ಮಂಜು. ಸಣ್ಣ ಫೆರ್ರಿ ಮುಕ್ಕಾಲು ಗಂಟೆಯಲ್ಲಿ ಕಾರ್ಮರಂಟ್ ದ್ವೀಪಕ್ಕೆ ಬಿಡುತ್ತದೆ. ಕಾರು ಈ ಕಡೆಯೇ ಬಿಟ್ಟು ಹೋಗಬಹುದು, ಊರೆಲ್ಲ ನಡೆದೇ ಮುಗಿಯುತ್ತದೆ. ಇದು ಕ್ವಾಕ್ವಾಕವಾಕ್ವ ಸಮುದಾಯಕ್ಕೆ ಸೇರಿದ ನಂಗಿಸ್ ಜನರ ಊರು. ದಡದ ಉದ್ದಕ್ಕೂ ಒಂದೇ ರಸ್ತೆ, ತುದಿಯಲ್ಲಿ ಉಮಿಸ್ತಾ ಸಾಂಸ್ಕೃತಿಕ ಕೇಂದ್ರ. ಬೇಸಿಗೆ ಮುಗಿದ ಮೇಲೆ ವಾರದಲ್ಲಿ ಎಲ್ಲ ದಿನ ತೆರೆದಿರುವುದಿಲ್ಲ, ಫೋನ್ ಮಾಡಿಯೇ ಹೊರಡಿ.

ಒಳಗೆ ಸೀಡರ್ ವಾಸನೆಯ ದೊಡ್ಡ ಕೋಣೆ. ಮುಖವಾಡಗಳು ಗಾಜಿನ ಪೆಟ್ಟಿಗೆಯಲ್ಲಿಲ್ಲ, ಎದುರಿಗೇ ಇವೆ. "ಇವರನ್ನು ಕೂಡಿಹಾಕಿದ್ದು ಸಾಕು ಅಂತ" ಎಂದರು ನಮಗೆ ತೋರಿಸಿದ ಹಿರಿಯ ಹೆಂಗಸು. ಮುಖವಾಡಗಳನ್ನು ಆಕೆ "ಇವರು" ಅನ್ನುತ್ತಿದ್ದರು.

ಅವು ಪಾಟ್‌ಲ್ಯಾಚ್‌ನಲ್ಲಿ ಹಾಕುವ ಮುಖವಾಡಗಳು. ಮದುವೆ, ಸಾವು, ಹೆಸರಿಡುವುದು, ಹಕ್ಕು ದಾಟಿಸುವುದು, ಎಲ್ಲಕ್ಕೂ ಜನ ಕರೆದು ಮಾಡುವ ದೊಡ್ಡ ಸಮಾರಂಭ ಅದು. ಮನೆತನದ ಕಥೆಯನ್ನು ಕುಣಿದು ತೋರಿಸುತ್ತಾರೆ. ಬಂದವರಿಗೆ ಉಡುಗೊರೆ ಕೊಡುತ್ತಾರೆ. ಉಡುಗೊರೆ ತೆಗೆದುಕೊಂಡವರು ಸಾಕ್ಷಿ. ಏನು ನಡೆಯಿತು, ಯಾವ ಹೆಸರು ಯಾರಿಗೆ ಹೋಯಿತು ಎಂಬುದನ್ನು ಅವರು ನೆನಪಿಟ್ಟುಕೊಳ್ಳಬೇಕು, ಕೇಳಿದಾಗ ಹೇಳಬೇಕು. ಕೆನಡಾ ಇದನ್ನು 1885ರಿಂದ 1951ರವರೆಗೆ ನಿಷೇಧಿಸಿತ್ತು. 1921ರ ಡಿಸೆಂಬರಿನಲ್ಲಿ ಹತ್ತಿರದ ವಿಲೇಜ್ ದ್ವೀಪದಲ್ಲಿ ಡ್ಯಾನ್ ಕ್ರಾನ್ಮರ್ ಒಂದು ದೊಡ್ಡ ಪಾಟ್‌ಲ್ಯಾಚ್ ಮಾಡಿದರು. 45 ಜನರ ಮೇಲೆ ಕೇಸಾಯಿತು. ಆರೋಪಗಳೇನು? ಭಾಷಣ ಮಾಡಿದ್ದು, ಕುಣಿದದ್ದು, ಉಡುಗೊರೆ ಹಂಚಿದ್ದು. ಮುಖವಾಡ ಒಪ್ಪಿಸಿದರೆ ಜೈಲು ತಪ್ಪುತ್ತದೆ ಅಂದರು. ಇಪ್ಪತ್ತರಷ್ಟು ಜನ ಆದರೂ ಜೈಲಿಗೆ ಹೋದರು. ಮುಖವಾಡಗಳು ಒಟ್ಟಾವ, ಟೊರಾಂಟೊ, ನ್ಯೂಯಾರ್ಕಿನವರೆಗೆ ಹೋದವು. ಅವನ್ನು ವಾಪಸು ಪಡೆಯಲು ಕಟ್ಟಿದ ಮನೆ ಈ ಕೇಂದ್ರ. 1980ರಲ್ಲಿ ಬಾಗಿಲು ತೆರೆಯಿತು, ಆಮೇಲೂ ಒಂದೊಂದಾಗಿ ಬರುತ್ತಿವೆ.

ಈ ಸಾಕ್ಷಿಯ ಪದ್ಧತಿ ಮುಂದೆ ಇಡೀ ದೇಶದ ಕೆಲಸಕ್ಕೆ ಬಂತು. ವಸತಿ ಶಾಲೆಗಳ ಬಗ್ಗೆ 2008ರಲ್ಲಿ ಶುರುವಾದ ಸತ್ಯ ಮತ್ತು ರಾಜಿಯ ಆಯೋಗ, 2009ರಿಂದ 2015ರವರೆಗೆ ಮರ್ರೆ ಸಿಂಕ್ಲೇರ್ ಅವರ ಮುಂದಾಳತ್ವದಲ್ಲಿ ಊರೂರು ತಿರುಗಿ 6,500ಕ್ಕೂ ಹೆಚ್ಚು ಜನರ ಮಾತು ಕೇಳಿತು. ಗಣ್ಯರನ್ನು ಕರೆದು ಸಾಕ್ಷಿಗಳಾಗಿ ಕೂರಿಸಿ, ಕೇಳಿದ್ದನ್ನು ಹೊರಗೆ ಹೋಗಿ ಹೇಳುವ ಹೊಣೆ ಕೊಟ್ಟಿತು. ಕೊನೆಗೆ 94 ಕೆಲಸಗಳ ಪಟ್ಟಿ ಕೊಟ್ಟಿತು. ಶಾಲೆಯ ಪಾಠದಲ್ಲಿ ಈ ಇತಿಹಾಸ ಇರಬೇಕು ಎಂಬುದು ಅದರಲ್ಲೊಂದು. ರಾಜಿ ಎಂದರೆ ಕೈಕುಲುಕಿ ಮರೆತುಬಿಡುವುದು ಎಂದು ತಿಳಿದವರು ಈ ಪಟ್ಟಿ ಓದಬೇಕು. ಅದರಲ್ಲಿ ಜಾಸ್ತಿ ಭಾಗ ಮಾಡಬೇಕಾದ ಕೆಲಸವೇ, ಕಣ್ಣೀರಲ್ಲ.

ಕೇಂದ್ರದ ಪಕ್ಕದಲ್ಲೇ ಖಾಲಿ ಜಾಗ, ಹುಲ್ಲು. ಅಲ್ಲಿ ಸೇಂಟ್ ಮೈಕಲ್ಸ್ ವಸತಿ ಶಾಲೆ ಇತ್ತು. 1929ರಲ್ಲಿ ಶುರು, 1974ರಲ್ಲಿ ಬಂದ್. 2015ರ ಫೆಬ್ರವರಿಯಲ್ಲಿ ಇವರು ಅದನ್ನು ಕೆಡವಿದರು. ಕಾಮ್ಲೂಪ್ಸ್ ಅಜ್ಜಿಯ ಮಾತು ಹೇಳಿದೆ. ಈಕೆ ತಲೆಯಾಡಿಸಿದರು. "ಅವರಿಗೆ ಅದು ಸರಿ. ನಮಗೆ ಬೆಳಗಾದರೆ ಕಿಟಕಿಯಲ್ಲಿ ಅದೇ ಕಾಣುತ್ತಿತ್ತು."

ಮಧ್ಯಾಹ್ನ ಆಕೆಯೇ ಮನೆಗೆ ಕರೆದರು. ಹೊಗೆಯಲ್ಲಿ ಒಣಗಿಸಿದ ಸಾಲ್ಮನ್, ಬೇಯಿಸಿದ ಆಲೂಗಡ್ಡೆ, ಮೇಲೆ ಯೂಲಕನ್ ಎಂಬ ಸಣ್ಣ ಮೀನಿನಿಂದ ತೆಗೆದ ಕೊಬ್ಬು. ವಾಸನೆ ಜೋರು, ಎರಡನೇ ತುತ್ತಿಗೆ ನಾಲಿಗೆ ಒಪ್ಪಿತು. ಪಾಟ್‌ಲ್ಯಾಚ್‌ನಲ್ಲಿ ಕೊಡುವ ದೊಡ್ಡ ಉಡುಗೊರೆ ಅದಂತೆ. ಊಟವಾದ ಮೇಲೆ ಆಕೆ ಒಂದು ಕಥೆ ಹೇಳಿದರು, ತಮ್ಮ ಮನೆತನ ಈ ಕಡಲಿಗೆ ಹೇಗೆ ಬಂತು ಎಂಬ ಕಥೆ. ಮುಗಿಸಿ, "ಇದು ನಮ್ಮ ಮನೆಯದು. ಕೇಳಿದೆ ಅಂತ ಹೇಳಬಹುದು, ಹೇಳುವ ಹಕ್ಕು ನಮ್ಮದು" ಅಂದರು. ಹಾಗಾಗಿ ಅದನ್ನು ಇಲ್ಲಿ ಬರೆಯುತ್ತಿಲ್ಲ.

ಆಮೇಲೆ ಕೇಳಿದರು, "ನಿಮ್ಮ ಬೆಟ್ಟದ ಕಥೆ ಏನು?" ಬಿಳಿಗಿರಿರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದದ್ದು, ಅದಕ್ಕೇ ಸೋಲಿಗರು ದೇವರನ್ನು ಭಾವ ಎಂದು ಕರೆಯುವುದು, ಇವನ್ನು ಹೇಳಿದೆ. ನನ್ನವಳು ಇಂಗ್ಲಿಷಿಗೆ ಹೇಳುತ್ತಾ ಹೋದಳು. ಆಕೆ ಕೇಳಿ, "ಹಾಗಾದರೆ ಆ ಬೆಟ್ಟದಿಂದ ಅವರನ್ನು ಹೊರಗೆ ಕಳಿಸಿದವರು ದೇವರ ಹೆಂಡತಿಯ ತವರಿನವರನ್ನೇ ಕಳಿಸಿದ ಹಾಗಾಯಿತು" ಅಂದರು. ಬೆಟ್ಟದ ಕೆಳಗೇ ಬಾಳು ಸವೆಸಿದ ನನಗೆ ಆ ಮಾತು ಯಾರೂ ಹೇಳಿರಲಿಲ್ಲ.

ಶನಿವಾರ, ಸರ್ರೆ ಕಡೆಗೆ

ಹೊರಡುವ ಮುಂಚೆ ನಂಗಿಸ್ ಸ್ಮಶಾನದ ಕಂಬಗಳನ್ನು ರಸ್ತೆಯಲ್ಲೇ ನಿಂತು ನೋಡಿದೆವು. ಒಳಗೆ ಕಾಲಿಡುವಂತಿಲ್ಲ. ಬಿದ್ದ ಕಂಬವನ್ನು ಎತ್ತಿ ನಿಲ್ಲಿಸುವುದೂ ಇಲ್ಲ, ಮಣ್ಣಿಗೆ ಸೇರಲು ಬಿಡುತ್ತಾರೆ. ಊರಿನಲ್ಲಿ ಈಗ ನಂಗಿಸ್ ಜನರೇ ನಡೆಸುವ ಶಾಲೆಯಿದೆ, ಅಲ್ಲಿ ಮಕ್ಕಳಿಗೆ ಕ್ವಾಕ್ವಾಲ ಭಾಷೆ, ಕುಣಿತ ಎರಡನ್ನೂ ಕಲಿಸುತ್ತಾರೆ.

ಮುಂದಿನ ವಾರ ನನ್ನವಳ ತರಗತಿಗೆ ಹೋದೆ. ಕುಸುಮಾಲೆ ಕಥೆ ಹೇಳಿದೆ, ನಕ್ಷೆಯ ವಿಷಯವನ್ನೂ ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಕೈ ಎತ್ತಿ, "ಇದನ್ನು ಹೇಳಲು ನಿಮಗೆ ಯಾರು ಒಪ್ಪಿಗೆ ಕೊಟ್ಟರು?" ಎಂದಳು. ಕುಸುಮಾಲೆ ಕಥೆ ಊರಿಗೆಲ್ಲ ಗೊತ್ತಿರುವುದು, ಜಾತ್ರೆಯಲ್ಲಿ ಎಲ್ಲರೂ ಹಾಡುವುದು ಎಂದೆ. ಕುಲದ ಜಾಗಗಳ ಕಥೆ ಬೇರೆ, ಅವು ಅವರವರ ಮನೆಯವು, ಅದಕ್ಕೇ ಹೇಳಲಿಲ್ಲ ಎಂದೆ. ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಹಾಗಾದರೆ ಸೋಲಿಗರ ಶಾಲೆಯಲ್ಲಿ ಅವನ್ನು ಯಾರು ಕಲಿಸುತ್ತಾರೆ ಎಂದು ಮತ್ತೆ ಕೇಳಿದಳು. ಈಗ ಯಳಂದೂರಿಗೆ ಬಂದಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪೋಡಿನಲ್ಲಿದ್ದಾನೆ. ಅವನ ಅಜ್ಜನ ಹತ್ತಿರ ಇದೇ ಪ್ರಶ್ನೆ ಇಟ್ಟುಕೊಂಡು ಈ ಭಾನುವಾರ ಬೆಟ್ಟ ಹತ್ತುತ್ತೇನೆ.